ನಾನು ಕಳಿಸಿದ ಸಂದೇಶ, ಮೇಡಂ ಹೊತ್ತ ತಪ್ಪು

ರಬ್ಬರ್ ಬ್ಯಾಂಡು ಕರಗಿ ಕಾಗದಕ್ಕೆ ಅಂಟಿಕೊಂಡಿತ್ತು. ಅಂಬತ್ತೂರಿನ ಮನೆ ಬಿಟ್ಟು ಪಲ್ಲಾವರಕ್ಕೆ ಹೋಗುವ ಗಡಿಬಿಡಿಯಲ್ಲಿ ಹಳೆಯ ಟ್ರಂಕು ಖಾಲಿ ಮಾಡುತ್ತಿದ್ದೆ. ನುಸಿಗುಳಿಗೆಯ ಘಾಟಿನ ನಡುವೆ, ಎರಡೂ ಅಂಚಿಗೆ ತೂತುಗಳಿದ್ದ ಹಳೇ ಪ್ರಿಂಟರ್ ಕಾಗದದ ಒಂದು ಕಟ್ಟು ಕೈಗೆ ಬಂತು. ರದ್ದಿಗೆ ಹಾಕುವ ಮುಂಚೆ ಸುಮ್ಮನೆ ಬಿಚ್ಚಿದೆ. ಒಳಗಿದ್ದದ್ದು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಸಿ ಭಾಷೆಯಲ್ಲಿ ಬರೆದಿದ್ದ ಪ್ರೋಗ್ರಾಮು. ಅಂಚಿನಲ್ಲಿ ಹಸಿರು ಶಾಯಿಯ ಅಕ್ಷರ. ನಮ್ಮ ಮೇಡಂ ಅವರದು.

ಹಾಸನದಿಂದ ಬಂದು ಅಂಬತ್ತೂರಿನ ಒಂದು ಸಣ್ಣ ಕಂಪನಿಗೆ ಸೇರಿದಾಗ ನನಗೆ ತಮಿಳಿನ ಗಂಧ ಗಾಳಿ ಇರಲಿಲ್ಲ. ಕಾರ್ಖಾನೆಗಳ ಯಂತ್ರಗಳಿಗೆ ಕಂಪ್ಯೂಟರ್ ಜೋಡಿಸಿಕೊಡುವ ಕಂಪನಿ ಅದು. ಅಲ್ಲಿ ಕನ್ನಡ ಬರುತ್ತಿದ್ದದ್ದು ಮೇಡಂಗೆ ಒಬ್ಬರಿಗೇ. ಅದೇ ನಗರದ ಪೆರಂಬೂರಿನ ರೈಲ್ವೆ ಕುಟುಂಬದ ಮಗಳು, ಅವರ ತಾತನ ಕಾಲದಿಂದಲೂ ಇಲ್ಲೇ. ಅವರ ಕನ್ನಡದಲ್ಲಿ ಅರ್ಧ ತಮಿಳೇ. "ಬಾಮ್ಮಾ, ಸಾಪಾಡು ಆರೋಗತ್ತೆ" ಎಂದು ದಿನಾ ಮಧ್ಯಾಹ್ನ ತಮ್ಮ ಡಬ್ಬಿಯ ಅರ್ಧ ನನ್ನ ತಟ್ಟೆಗೆ ಸುರಿಯುತ್ತಿದ್ದರು. ನಾನೂ ಹಕ್ಕಿನ ಊಟ ಅನ್ನುವ ಹಾಗೆ ತಿನ್ನುತ್ತಿದ್ದೆ.

ಲೋಹದ ಹಾಳೆ ಒತ್ತುವ ದೊಡ್ಡ ಪ್ರೆಸ್ ಒಂದಕ್ಕೆ ನಾವು ಎರಡು ಪ್ರೋಗ್ರಾಮು ಮಾಡಿಕೊಟ್ಟಿದ್ದೆವು. ಒಂದು ಯಂತ್ರದ ಸ್ಥಿತಿಯನ್ನು ಓದಿ ಸಂದೇಶ ಕಳಿಸುತ್ತಿತ್ತು, ಇನ್ನೊಂದು ಅದನ್ನು ಪರದೆಯ ಮೇಲೆ ತೋರಿಸುತ್ತಿತ್ತು. ಸಂದೇಶವೆಂದರೆ ಬರೀ ಅಂಕಿ. ನಾಲ್ಕು ಬಂದರೆ ಏನು, ಒಂಬತ್ತು ಬಂದರೆ ಏನು ಎಂದು ಕೆಲಸಗಾರರು ಗೋಡೆಯ ಪಟ್ಟಿ ನೋಡಬೇಕಿತ್ತು. ಅಂಕಿಯ ಜೊತೆ ಪದಗಳೂ ಬರಲಿ ಎಂದು ಗಿರಾಕಿ ಕೇಳಿದ. ಅದರಲ್ಲಿ ಕಳಿಸುವ ಕಡೆ ನನ್ನ ಪಾಲಿಗೆ ಬಂತು, ತೋರಿಸುವ ಕಡೆ ಮೇಡಂದು.

ಶುರು ಮಾಡುವ ಮುಂಚೆ ಮೇಡಂ ನನ್ನನ್ನು ಕೂರಿಸಿಕೊಂಡು ಹೇಳಿದ್ದರು. "ಇಲ್ನೋಡ್ಮಾ, ನಮ್ಮನೇಲಿ ಮೂರನೇ ಡಬ್ಬಿ ಸಕ್ಕರೆ. ಪಕ್ಕದ್ಮನೆಯೋರಿಗೆ 'ಮೂರನೇ ಡಬ್ಬಿ' ಅಂತ ಚೀಟಿ ಕಳ್ಸಿದ್ರೆ, ಅವ್ರು ಅವ್ರ ಮನೆ ಡಬ್ಬಿ ತಾನೇ ತೆಗೀತಾರೆ? ಅದ್ರಲ್ಲಿ ಮೆಣಸಿನಪುಡಿ ಇದ್ರೆ? ಸಕ್ಕರೇನೇ ಕಟ್ಟಿ ಕಳ್ಸ್ಬೇಕು. ಅವ್ಳೋದಾ, ಅಷ್ಟೇ."

ಫಸ್ಟ್ ಕ್ಲಾಸ್ ಬಂದವಳಿಗೆ ಸಕ್ಕರೆ ಡಬ್ಬಿಯ ಪಾಠವೇ ಎಂದು ನನಗೆ ಒಳಗೊಳಗೇ ನಗು. ತಲೆಯಾಡಿಸಿ ಎದ್ದು ಬಂದೆ. ಬಂದು ಮಾಡಿದ್ದೇನು? ಸಂದೇಶದೊಳಗೆ ಪದದ ಅಕ್ಷರಗಳನ್ನು ತುಂಬುವ ಬದಲು, ಆ ಪದ ನನ್ನ ಪ್ರೋಗ್ರಾಮಿನ ನೆನಪಿನಲ್ಲಿ ಎಲ್ಲಿ ಕೂತಿದೆಯೋ ಆ ಜಾಗವನ್ನಷ್ಟೇ ತುಂಬಿದ್ದೆ. ಪರೀಕ್ಷೆಗೆ ಎರಡನ್ನೂ ಒಂದೇ ಪ್ರೋಗ್ರಾಮಿನಿಂದ ಹುಟ್ಟಿಸಿ ಓಡಿಸಿದೆ. ಒಂದರ ನಕಲು ಇನ್ನೊಂದಾದ್ದರಿಂದ ಜಾಗವೂ ಒಂದೇ, ಪದವೂ ಒಂದೇ. ಎಲ್ಲ ಚೆನ್ನಾಗಿ ಕಂಡಿತು.

ಮೇಡಂ ಯಾವಾಗಲೂ ಸಾಲು ಸಾಲು ಓದಿಯೇ ಸಹಿ ಹಾಕುವವರು. ಅವತ್ತು ಗಿರಾಕಿಯ ಕಾರ್ಖಾನೆಗೆ ಹೊರಟ ವ್ಯಾನು ಅಂಗಳದಲ್ಲಿ ಹಾರ್ನ್ ಹೊಡೆಯುತ್ತಿತ್ತು. "ಎರಡನ್ನೂ ಬೇರೆ ಬೇರೆ ಶುರು ಮಾಡಿ ನೋಡ್ದ್ಯಾಮ್ಮಾ?" ಎಂದು ಕೇಳಿದರು. "ನೋಡಿದೆ ಮೇಡಂ" ಅಂದೆ. ನೋಡಿರಲಿಲ್ಲ. ಅದೊಂದು ಸುಳ್ಳು ಅಂತಲೂ ಆಗ ಅನ್ನಿಸಿರಲಿಲ್ಲ... ಅವರು ನನ್ನ ಮುಖ ನೋಡಿ ಸಹಿ ಹಾಕಿದರು.

ಅಲ್ಲಿ ಎರಡೂ ಪ್ರೋಗ್ರಾಮುಗಳನ್ನು ಬೇರೆ ಬೇರೆಯಾಗಿಯೇ ಶುರು ಮಾಡಿದ್ದರು. ಮೊದಲ ಕೆಲವು ಪದಗಳು ಎರಡರಲ್ಲೂ ಒಂದೇ ಜಾಗದಲ್ಲಿ ಕೂತಿದ್ದಿರಬೇಕು, ಹಾಗಾಗಿ ಯಾರಿಗೂ ಸಂಶಯ ಬರಲಿಲ್ಲ. ಆಮೇಲಿನವು ಜರುಗಿದ್ದವು. ಮೂರನೇ ದಿನ, ಯಂತ್ರದಲ್ಲಿ ಒತ್ತಡ ಇನ್ನೂ ಇದೆ ಎಂದು ಹೇಳಬೇಕಾದಲ್ಲಿ ಪರದೆಯ ಮೇಲೆ ಕೆಲಸ ಮುಗಿದಿದೆ ಎಂದು ಬಂತು. ಗೋಡೆಯ ಪಟ್ಟಿಯನ್ನು ಆಗಲೇ ತೆಗೆದು ಹಾಕಿದ್ದರು. ಒಬ್ಬ ಕೆಲಸಗಾರ ಅಚ್ಚು ಬದಲಿಸಲು ಕೈ ಹಾಕಿದ. ಬಲಗೈಯ ಎರಡು ಬೆರಳು ಹೋದವು.

ಸುದ್ದಿ ಬಂದಾಗ ತಪ್ಪು ನನ್ನದೇ ಇರಬೇಕು ಎಂದು ಹೆದರಿದೆ. ವಿಚಾರಣೆಗೆ ಮೇಡಂ ಒಬ್ಬರೇ ಒಳಗೆ ಹೋದರು. ಸಂದೇಶ ತೆಗೆದುಕೊಳ್ಳುವ ಕಡೆ ತಪ್ಪಾಗಿದೆ, ಅದನ್ನು ಬರೆದವರು ತಾವೇ ಎಂದು ಹೇಳಿದರಂತೆ. ಆ ಮಾತು ಕೇಳಿ ನನಗೆ ಹೋದ ಜೀವ ಬಂದಂತಾಯಿತು. ನಂಬಿಬಿಟ್ಟೆ. ನಂಬುವುದು ಎಷ್ಟು ಸುಲಭವಾಗಿತ್ತು... ಅವರನ್ನು ಕೆಲಸದಿಂದ ತೆಗೆದರು. ಗಿರಾಕಿಯೂ ನಮ್ಮನ್ನು ಬಿಟ್ಟ, ಆ ಪ್ರೋಗ್ರಾಮನ್ನು ಮತ್ತೆ ಯಾರೂ ತೆರೆದು ನೋಡಲಿಲ್ಲ. ಕೊನೆಯ ವಾರ ಎಲ್ಲರಂತೆ ನಾನೂ ಅವರ ಜೊತೆ ಊಟಕ್ಕೆ ಕೂರಲಿಲ್ಲ. ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು, "ಇದನ್ನ ಒಂದ್ಸಲ ಓದ್ಮಾ" ಎಂದು ಈ ಕಟ್ಟು ಇಟ್ಟರು. ನಾನು ತಲೆ ಎತ್ತಲಿಲ್ಲ. ಆಮೇಲೆ ಅದನ್ನು ಮನೆಗೆ ತಂದು ಟ್ರಂಕಿನ ತಳಕ್ಕೆ ತಳ್ಳಿದೆ.

ಈಗ ನೆಲದ ಮೇಲೆ ಕೂತು ಓದಿದೆ. ನನ್ನ ಆ ಸಾಲಿನ ಸುತ್ತ ಒಂದು ಹಸಿರು ಸುತ್ತು. ಪಕ್ಕದಲ್ಲಿ, "ಅಕ್ಷರ ಹೋಗಿಲ್ಲ, ಜಾಗ ಹೋಗಿದೆ. ನನಗೂ ಕಾಣಿಸಲಿಲ್ಲ. ಮುಂದಿನ ಸಲ ಬೇರೆ ಬೇರೆ ಶುರು ಮಾಡಿ ನೋಡು." ಕೆಳಗೆ ವಿಚಾರಣೆಯ ಹಿಂದಿನ ದಿನದ ತಾರೀಖು. ಬೈಗುಳವಿಲ್ಲ, ನನ್ನ ಸುಳ್ಳಿನ ಮಾತೇ ಇಲ್ಲ. ತೆಗೆದುಕೊಳ್ಳುವ ಕಡೆ ಯಾವ ತಪ್ಪೂ ಇರಲಿಲ್ಲ. ಅವರಿಗೆ ಎಲ್ಲ ಗೊತ್ತಿತ್ತು! ಗೊತ್ತಿದ್ದೂ ಒಳಗೆ ಹೋಗಿ ನಂದು ಅಂದಿದ್ದರು. ಸಾಮಾನು ಕಟ್ಟುವವರು ಬಂದು ಬಾಗಿಲು ತಟ್ಟುತ್ತಿದ್ದರೂ ನನಗೆ ಏಳಲಾಗಲಿಲ್ಲ.

ಮರುದಿನವೇ ಪೆರಂಬೂರಿಗೆ ಹೋದೆ. ಹಿಂದೆ ಒಮ್ಮೆ ಬಂದಿದ್ದ ಮನೆ ಅದೇ. ಬಾಗಿಲು ತೆರೆದವಳು ಅವರ ಮಗಳು, ಆಗ ಶಾಲೆಗೆ ಹೋಗುತ್ತಿದ್ದ ಹುಡುಗಿ. ನಾನು ಕನ್ನಡದಲ್ಲಿ ಕೇಳಿದೆ, ಅವಳು ತಮಿಳಿನಲ್ಲಿ ಉತ್ತರ ಕೊಟ್ಟಳು. "ಅಮ್ಮಾ ಪೋಯಿ ಮೂಣು ವರುಷಂ ಆಚ್ಚು, ಆಂಟಿ." ಮೇಡಂ ತೀರಿಕೊಂಡು ಮೂರು ವರ್ಷ. ಅದೇ ಊರಿನಲ್ಲಿದ್ದೂ ನನಗೆ ಗೊತ್ತಾಗಿರಲಿಲ್ಲ.

ಬಂದದ್ದಕ್ಕೆ ಹೇಳಿಯೇ ಹೋಗಬೇಕು ಎಂದು ಕಾಗದ ಬಿಚ್ಚಿ ಎಲ್ಲ ಹೇಳಿದೆ. "ಅವತ್ತಿನ ತಪ್ಪು ನಿಮ್ಮಮ್ಮಂದಲ್ಲಮ್ಮಾ, ನಂದು" ಅಂದೆ. ಬೈಯಲಿ, ಬಾಗಿಲು ಹಾಕಿಕೊಳ್ಳಲಿ, ಏನಾದರೂ ಮಾಡಲಿ ಅನ್ನಿಸುತ್ತಿತ್ತು. ಅವಳು ಹಸಿರು ಅಕ್ಷರಗಳನ್ನೇ ನೋಡುತ್ತಾ ನಿಂತಳು. ಕನ್ನಡ ಓದಲು ಬಾರದವಳು.

ಆಮೇಲೆ ನಿಧಾನವಾಗಿ ತಮಿಳಿನಲ್ಲೇ ಹೇಳಿದಳು. ಆ ಕೆಲಸ ಹೋದ ಮೇಲೆ ಅಮ್ಮ ಮನೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದರಂತೆ, ಕಂಪ್ಯೂಟರ್ ಮುಟ್ಟಲಿಲ್ಲವಂತೆ. ಕಾಲೇಜಿನಲ್ಲಿದ್ದಾಗ ಒಮ್ಮೆ ಯಾವುದೋ ಸಣ್ಣ ಜಗಳಕ್ಕೆ ಇವಳು ಅಮ್ಮನಿಗೆ, 'ಒಬ್ಬನ ಬೆರಳು ಕತ್ತರಿಸಿದವಳು ನೀನು, ನನಗೆ ಬುದ್ಧಿ ಹೇಳಬೇಡ' ಎಂದುಬಿಟ್ಟಿದ್ದಳಂತೆ. ಅಮ್ಮ ಎದ್ದು ಅಡುಗೆಮನೆಗೆ ಹೋದರಂತೆ.

"ಅಪ್ಪೊಕೂಡ ಅಮ್ಮಾ ಒಣ್ಣುಮೇ ಸೊಲ್ಲಲಿಯೇ, ಆಂಟಿ..." ಎಂದಳು. ಆಗಲೂ ಅಮ್ಮ ಏನೂ ಹೇಳಲಿಲ್ಲವಲ್ಲಾ, ಎಂದು. ಹೇಳುತ್ತಾ ಬಾಗಿಲ ಹತ್ತಿರವೇ ಕುಸಿದು ಕೂತಳು.

ಮೇಡಂ ಹತ್ತಿರ ಕ್ಷಮೆ ಕೇಳಲು ಹೋಗಿದ್ದೆ ನಾನು. ಕೇಳಲು ಅವರಿಲ್ಲ. ಇನ್ನು ಮಗಳೂ ಅಮ್ಮನ ಕ್ಷಮೆ ಕೇಳಬೇಕು, ಅವಳಿಗೂ ಅವರಿಲ್ಲ.