ನಿಲ್ಲಲಿ ಎಂದು ಕಲಿಸಿದ ಮೇಷ್ಟ್ರು

ಕಂಪ್ಯೂಟರಿನ ಗಂಧಗಾಳಿಯಿಲ್ಲದವರಿಗೂ ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಕಲಿಸಿ, ತಾವೇ ಪ್ರೋಗ್ರಾಂ ಬರೆಯುವ ಧೈರ್ಯ ತುಂಬಿದ ಬೋಧಕರೆಂದರೆ ನಮ್ಮ ಕಾಲೇಜಿನಲ್ಲಿ ಎಲ್ಲರಿಗೂ ಮೊದಲು ನೆನಪಾಗುವವರು ಇಂದು ನಿವೃತ್ತರಾಗುತ್ತಿರುವ ಈ ಹಿರಿಯರು. ಪೈಥಾನ್ ಎಂದರೆ ಹೆಬ್ಬಾವಲ್ಲವೇ ಎಂದು ನಾವು ಅವರನ್ನು 'ಹಾವಿನ ಮೇಷ್ಟ್ರು' ಎಂದು ಛೇಡಿಸುತ್ತಿದ್ದೆವು.

ಸೇವೆಯ ಆರಂಭದಲ್ಲಿ ಅವರದು ಅತಿಯಾದ ಕರುಣೆ. ಸಂಖ್ಯೆ ಕೇಳಿದಲ್ಲಿ ಅಕ್ಷರ ಒತ್ತಿದರೆ ಪ್ರೋಗ್ರಾಂ ನಿಂತು ಪರದೆಯ ತುಂಬ ಕೆಂಪು ಸಾಲುಗಳು ಬರುತ್ತವೆ. ಹೊಸಬರು ಅದಕ್ಕೆ ಬೆದರುವುದನ್ನು ನೋಡಲಾರದೆ, 'ಟ್ರೈ' ಬರೆದು 'ಎಕ್ಸೆಪ್ಟ್' ಕೆಳಗೆ 'ಪಾಸ್' ಎಂದು ಹಾಕುವುದನ್ನು, ಎಂದರೆ ತಪ್ಪನ್ನು ಸದ್ದಿಲ್ಲದೆ ನುಂಗಿ ಮುಂದೆ ಹೋಗುವುದನ್ನು, ಮೊದಲ ವಾರದಲ್ಲೇ ಹೇಳಿಕೊಟ್ಟರು.

ಅವರ ಶಿಷ್ಯೆಯೊಬ್ಬಳು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿ, ಮಕ್ಕಳ ತೂಕ ಕೊಟ್ಟರೆ ಔಷಧಿಯ ಪ್ರಮಾಣ ಹೇಳುವ ಪುಟ್ಟ ಪ್ರೋಗ್ರಾಂ ಬರೆದಳು. ಒಮ್ಮೆ ಹಸುಗೂಸೊಂದರ ತೂಕ ಕೊಡುವಾಗ ನರ್ಸ್ ಒಂಬತ್ತರ ಅಂಕೆಯ ಪಕ್ಕ ಕೆಜಿ ಎಂದೂ ಒತ್ತಿದರು. ಪ್ರೋಗ್ರಾಂ ಅದನ್ನು ಸಂಖ್ಯೆಯೆಂದು ಒಪ್ಪಲಿಲ್ಲ. ಒಪ್ಪಲಿಲ್ಲವೆಂದು ಹೇಳಲೂ ಇಲ್ಲ. ಅದಕ್ಕೆ ಮೊದಲು ಬಂದಿದ್ದ ಹುಡುಗನ ಮೂವತ್ತೆಂಟು ಕೆಜಿ ಅದರಲ್ಲಿ ಹಾಗೇ ಉಳಿದಿತ್ತು. ಆ ಲೆಕ್ಕದ ಔಷಧಿ ಹಸುಗೂಸಿನ ಮೈ ಸೇರಿತು. ಮಗು ಅಂದೇ ತೀರಿಕೊಂಡಿತು.

ವಿಚಾರಣೆಯಲ್ಲಿ ಎಲ್ಲವನ್ನೂ ಆ ಹುಡುಗಿಯ ತಲೆಗೆ ಕಟ್ಟಲು ಹೊರಟಿದ್ದರು. ಯಾರೂ ಕರೆಯದಿದ್ದರೂ ಹೋದ ಮೇಷ್ಟ್ರು, "ಅವಳು ಬರೆದದ್ದು ನಾನು ಹೇಳಿಕೊಟ್ಟಿದ್ದನ್ನೇ. ಬೋರ್ಡ್ ಮೇಲೆ ಬರೆದೋನು ನಾನು" ಎಂದರು. ಅವಳ ಕೆಲಸ ಉಳಿಯಿತು, ಇವರ ಬಡ್ತಿ ಹೋಯಿತು. ಇದನ್ನು ತ್ಯಾಗವೆಂದು ಯಾರೋ ಇದೇ ಬೀಳ್ಕೊಡುಗೆಯ ಅಭಿನಂದನ ಸಂಪುಟದಲ್ಲಿ ಕೊಂಡಾಡಿದ್ದಾರಂತೆ. ಕೇಳಿ ನನಗೆ ಮೈ ಉರಿಯಿತು. ಅವರು ಹೇಳಿದ್ದು ನಿಜ, ಅಷ್ಟೇ.

ಅಲ್ಲಿಂದಾಚೆಗೆ ಅವರ ಪಾಠವೇ ಬೇರೆಯಾಯಿತು. 'ವ್ಯಾಲ್ಯೂ ಎರರ್' ಒಂದನ್ನೇ, ಎಂದರೆ ಸಂಖ್ಯೆಯ ಜಾಗದಲ್ಲಿ ಬೇರೇನೋ ಬಂದ ತಪ್ಪನ್ನಷ್ಟೇ, ಹಿಡಿಯಿರಿ, ತಪ್ಪಾಗಿದೆ ಎಂದು ತಿಳಿಸಿ, ಸಂಖ್ಯೆಯನ್ನು ಮತ್ತೆ ಕೇಳಿ. ಬೇರೆ ತಪ್ಪಾದರೆ ಪ್ರೋಗ್ರಾಂ ನಿಲ್ಲಲಿ ಬಿಡಿ ಎನ್ನುತ್ತಿದ್ದರು. "ನಿಂತ್ರೆ ಯಾರಾದ್ರೂ ಬಂದು ನೋಡ್ತಾರಪ್ಪಾ" ಎಂಬುದು ಅವರ ಮಾತು.

ಆ ಮಗುವಿನ ತಾಯಿ ಬಂದರೆ ಮಾತ್ರ ಸನ್ಮಾನಕ್ಕೆ ಒಪ್ಪುವೆನೆಂದು ಮೇಷ್ಟ್ರು ಪಟ್ಟು ಹಿಡಿದಾಗ, ಕರೆಯಲು ನಾನೇ ಹೋದೆ. ಆಕೆ ಬಾಗಿಲಲ್ಲೇ ನಿಂತು, "ಅವರ ಮೇಲೆ ಸಿಟ್ಟಿಲ್ಲ ಅಣ್ಣಾ. ನೂರು ವರ್ಷ ಇರ್ಲಿ, ಪಾಠ ಹೇಳ್ತಾನೇ ಇರ್ಲಿ. ಚಪ್ಪಾಳೆ ತಟ್ಟೋಕೆ ಮಾತ್ರ ನನ್ನ ಕರೀಬೇಡಿ" ಎಂದರು.

ಹೀಗಾಗಿ ಸಭೆಯಿಲ್ಲ, ಭಾಷಣವಿಲ್ಲ; ಸಂಪುಟವನ್ನು ಮೇಷ್ಟ್ರ ಮನೆಗೇ ತಲುಪಿಸುತ್ತಿದ್ದೇವೆ. ಮೇಷ್ಟ್ರೇ, ತಾವು ನೂರು ವರ್ಷ ಬಾಳಬೇಕು, ಪಾಠ ಹೇಳುತ್ತಲೇ ಇರಬೇಕು. ಹಾರೈಕೆ ಆ ತಾಯಿಯದು; ನಾನು ದನಿಗೂಡಿಸಿದ್ದೇನೆ.