ಹೆಬ್ಬೆರಳು ಒಪ್ಪಿದ ಕಲ್ಲು

ನಮ್ಮಣ್ಣನಿಗೆ ಊರಿನ ಕ್ಷೌರಿಕರೆಲ್ಲ ಇಟ್ಟ ಹೆಸರು ಸಾಣೆಯಣ್ಣ. ಮಡಚುವ ಕತ್ತಿ ಮೊಂಡಾಯಿತೆಂದರೆ ಅವನ ಬಾಗಿಲಿಗೇ ಬರಬೇಕು. ಮಸೆಯುವುದು ಅವನ ಕೆಲಸ, ಗಡ್ಡ ಹೆರೆಯುವುದು ನನ್ನದು; ಒಂದೇ ಕೋಣೆ, ನಡುವೆ ಪರದೆ. ಮೂವತ್ತು ವರ್ಷ ಅವನು ಮಸೆದ ಕತ್ತಿಯನ್ನು ಕಣ್ಣುಮುಚ್ಚಿ ಗಿರಾಕಿಯ ಕುತ್ತಿಗೆಗೆ ಇಟ್ಟಿದ್ದೇನೆ. ಗಿರಾಕಿಗಳಿಗೆ ಹಾಗೆಂದು ಹೇಳಿಲ್ಲ, ಅಷ್ಟೆ.

ಅವನದು ಜಪಾನಿನ ಸಾಣೆಕಲ್ಲು. ಅದರ ಮೇಲೆ ಬರೀ ನೀರು ಹಾಕಿದರೆ ಸಾಲದು. ಅದೇ ನಾಡಿನ ಗಣಿಯ ಪುಟ್ಟ ಕಲ್ಲೊಂದನ್ನು ಅದರ ಒದ್ದೆ ಮೈಗೆ ತಿಕ್ಕಿದಾಗ ಹಾಲಿನಂಥ ಕೆಸರು ಏಳುತ್ತದೆ. ಕತ್ತಿಗೆ ಹರಿತ ಬರುವುದು ಆ ಕೆಸರಿನಲ್ಲಿ. ಪುಟ್ಟ ಕಲ್ಲಿನಲ್ಲಿ ಒಂದೇ ಒಂದು ಗಡಸು ಕಣವಿದ್ದರೂ ಅಲಗು ಗರಗಸವಾಗುತ್ತದೆ. ಆ ಕಣ ಕಣ್ಣಿಗೆ ಕಾಣುವಂಥದ್ದಲ್ಲ. ಅಣ್ಣ ಕೆಸರನ್ನು ಹೆಬ್ಬೆರಳು, ತೋರುಬೆರಳ ನಡುವೆ ಹೊಸಕಿ ನೋಡಿ, ಹತ್ತರಲ್ಲಿ ಒಂಬತ್ತು ಕಲ್ಲುಗಳನ್ನು ಆಚೆ ತಳ್ಳುತ್ತಿದ್ದ.

"ನನ್ನನ್ನ ಒಂದೇ ನೋಟಕ್ಕೆ ಒಪ್ಕೊಂಡ್ರು. ಕಲ್ಲಿಗೆ ಮಾತ್ರ ಅರ್ಧ ದಿನ ಪರೀಕ್ಷೆ" ಎಂದು ಅತ್ತಿಗೆ ರೇಗಿಸುತ್ತಿದ್ದಳು.

ಈ ವರ್ಷ ಸಕ್ಕರೆ ಕಾಯಿಲೆ ಅವನ ಬೆರಳಿಗೆ ಇಳಿಯಿತು. ಬೆರಳು ಮರಗಟ್ಟಿದ್ದು ಅವನ ಗಮನಕ್ಕೇ ಬರಲಿಲ್ಲ. ಸುಡುಸುಡುವ ಚಹಾದ ಲೋಟವನ್ನು ಬರಿಗೈಯಲ್ಲಿ ಹಿಡಿದು ಆರಾಮಾಗಿ ಪೇಪರ್ ಓದುತ್ತಿದ್ದನಂತೆ. ಮರುದಿನ ಬೆರಳತುದಿಯಲ್ಲಿ ಬೊಬ್ಬೆ. ಅತ್ತಿಗೆ ಪಿಸುಮಾತಿನಲ್ಲಿ ಇದನ್ನು ನನಗೆ ಹೇಳಿದಳು. ನಿನ್ನ ಕೈ ಹೋಯಿತು ಎಂದು ಅಣ್ಣನಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಹೇಳದಿದ್ದರೆ ಇವತ್ತಲ್ಲ ನಾಳೆ ಯಾರದೋ ಗಂಟಲಿಗೆ ಬರುತ್ತದೆ ಎಂಬುದೂ ಗೊತ್ತಿತ್ತು.

ಹಳೆಯ ಪುಟ್ಟ ಕಲ್ಲು ಸವೆದುಹೋಗಿ, ವ್ಯಾಪಾರಿ ಹೊಸದಾಗಿ ಏಳು ಕಳಿಸಿದ. ಅಣ್ಣ ಒಂದೊಂದನ್ನೇ ತಿಕ್ಕಿದ, ಹೊಸಕಿದ. ಒಂದನ್ನೂ ಆಚೆ ತಳ್ಳಲಿಲ್ಲ.

"ಏಳಕ್ಕೆ ಏಳೂ ಬೆಣ್ಣೆ ಕಣೋ! ಇಂಥ ಅದೃಷ್ಟ ಜನ್ಮದಲ್ಲೇ ಕಂಡಿಲ್ಲ" ಎಂದು ನಕ್ಕ.

ಏಳರಲ್ಲಿ ಅವನು ಬಳಕೆಗೆಂದು ಆರಿಸಿಟ್ಟ ಕಲ್ಲಿನ ಕೆಸರನ್ನು ನಾನೂ ಹೊಸಕಿ ನೋಡಿದೆ.

"ಅಣ್ಣ, ಇದ್ರಲ್ಲಿ ಮರಳು ಚುಚ್ಚುತ್ತೆ."

"ನಿಂದು ಸೋಪು ಹಚ್ಚೋ ಬೆರಳು. ಅದಕ್ಕೇನು ಗೊತ್ತು?" ಎಂದವನೇ ಆ ಕೆಸರಿನಲ್ಲೇ ಕತ್ತಿ ಮಸೆದು ನನ್ನ ಕೈಗಿತ್ತ.

ಹೊಸ ಕಲ್ಲಿನ ಮೊದಲ ಕ್ಷೌರ ಕಲ್ಲು ಆರಿಸಿದವನಿಗೇ ಆಗಬೇಕು. ಅಪ್ಪನ ಕಾಲದಿಂದ ನಮ್ಮಲ್ಲಿ ಅದೇ ನಿಯಮ. ಅಣ್ಣ ಕುರ್ಚಿಗೆ ಒರಗಿ, ಕಣ್ಣುಮುಚ್ಚಿ ಗದ್ದ ಎತ್ತಿದ. ಆಗಲೇ ಕತ್ತಿ ಕೆಳಗಿಡಬೇಕಿತ್ತು. ಆದರೆ ಸೋಪಿನ ಬೆರಳು ಎಂದದ್ದು ನೆತ್ತಿಗೇರಿತ್ತು. ನಾನು ಹೇಳಲಾರದ್ದನ್ನು ಕತ್ತಿಯೇ ಹೇಳಲಿ ಎಂದು ಹಟಕ್ಕೆ ಬಿದ್ದೆ. ಈಗಲೂ ಅದಕ್ಕೆ ನನ್ನನ್ನು ನಾನು ಕ್ಷಮಿಸಿಲ್ಲ.

ಕೆನ್ನೆಯ ಮೇಲೆ ಕತ್ತಿ ಕರಕರ ಎಂದಿತು. ಗದ್ದದ ಕೆಳಗೆ ಒಮ್ಮೆ ಸಿಕ್ಕಿ, ಜಗ್ಗಿ, ಮುಂದೆ ಸರಿಯಿತು. ಬಿಳಿ ನೊರೆಯಲ್ಲಿ ಕೆಂಪು ಗೆರೆ ಮೂಡಿ ಕುತ್ತಿಗೆಗೆ ಇಳಿಯತೊಡಗಿತು.

"ನಿನ್ನ ಕೈ ಭಾರ ಆಯ್ತು ಕಣೋ, ಎಳೀತು" ಎಂದ, ಕಣ್ಣುಮುಚ್ಚಿಯೇ. ಕೈ ಎತ್ತಿ ಕುತ್ತಿಗೆ ಸವರಿಕೊಂಡ. ಬೆರಳಿಗೆ ಅಂಟಿದ್ದನ್ನು ಹೆಬ್ಬೆರಳಿನಿಂದ ನಿಧಾನವಾಗಿ ಹೊಸಕಿ ನೋಡಿದ.

"ನೊರೆ ಹಂಗೇ ಬಿಟ್ಟಿದೀಯಲ್ಲ, ಒರೆಸೋ" ಎಂದ.

ನಾನು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. "ಒಂದು ಗಳಿಗೆ ಕಣ್ಣು ಬಿಡ್ಬೇಡ ಅಣ್ಣ" ಎಂದೆ.

ನನ್ನ ದನಿ ಕೇಳಿ ಅವನು ಕಣ್ಣು ಬಿಟ್ಟ. ಕನ್ನಡಿಯಲ್ಲಿ ಕುತ್ತಿಗೆಯನ್ನು ನೋಡಲಿಲ್ಲ. ತನ್ನ ಬೆರಳನ್ನೇ ನೋಡುತ್ತಾ ಕೂತ.