ಅಮಾವಾಸ್ಯೆಯ ದಿನ ಕರೆಂಟಿನ ವೈರಿಗೆ ಅಡ್ಡ ಕೂತ ಬಂಡೆಪ್ಪ

ಖಾನಾಪುರದ ಬಂಡೆಪ್ಪನ ಹಿರಿಯರು ಕುರಿ ಕಾದವರು. ಅವನು ಮಾತ್ರ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ. ಹಾಕಿ, ಯಾವ ಗುರುವಿನ ಕಾಲೂ ಹಿಡಿಯದೆ ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶ ಪಳಗಿಸಿದ. ಗುದ್ದಾಡಿ ಕಲಿತ ವಿದ್ಯೆ, ಎದೆ ಸೆಟೆಸಿಯೇ ನಡೆಯುತ್ತಿದ್ದ. ೨೦೦೧ರಲ್ಲಿ ಬೆಳಗಾವಿಯ ಟಿಳಕವಾಡಿಗೆ, ಚನ್ನಬಸಯ್ಯನವರ ಇಂಟರ್ನೆಟ್ ಕಚೇರಿಗೆ ಸಂದರ್ಶನಕ್ಕೆ ಹೋದ. ಎಷ್ಟೋ ವ್ಯಾಪಾರಸ್ಥರ ಇ-ಮೇಲ್ ಹಾಯುತ್ತಿದ್ದುದು ಅಲ್ಲಿನ ಒಂದೇ ಲಿನಕ್ಸ್ ಯಂತ್ರದಿಂದ.

ಲಿನಕ್ಸಿನ ತಿರುಳಾದ ಕರ್ನಲ್ ಕಟ್ಟುವುದು, ಹೊರಗಿನ ಕಳ್ಳರನ್ನು ತಡೆಯುವ ಫೈರ್‌ವಾಲ್ ಹಾಕುವುದು, ಬ್ಯಾಕಪ್ ತೆಗೆಯುವುದು, ಎಲ್ಲಕ್ಕೂ ಬಂಡೆಪ್ಪ ಪಟಪಟ ಉತ್ತರ ಹೇಳಿದ. ಚನ್ನಬಸಯ್ಯನವರು ಆಕಳಿಸಿದರು.

"ಅದೆಲ್ಲಾ ಹಿಂದಿನವರಿಗೂ ಬರತಿತ್ತೋ ತಮ್ಮಾ. ನಮ್ಮವ್ವನ್ನ ಸಂಭಾಳಸಾಕ ಬರತೈತೇನು?"

ಅವರ ತಾಯಿ ಬಸವಣ್ಣೆವ್ವ ಪ್ರತಿ ಅಮಾವಾಸ್ಯೆಗೆ ಯಂತ್ರಪೂಜೆ ಮಾಡುತ್ತಿದ್ದಳು. ಕರೆಂಟಿನ ವೈರು ಕಿತ್ತು, ಒದ್ದೆ ಅರಿವೆಯಿಂದ ಮೈ ಒರೆಸಿ, ವಿಭೂತಿ ಬಳಿದು, ಅದರ ನೆತ್ತಿಯ ಮೇಲೇ ಕಾಯಿ ಒಡೆಯುತ್ತಿದ್ದಳು. ಹಾಗೆ ದಿಢೀರನೆ ಆರಿದ ಯಂತ್ರ ಮತ್ತೆ ಎದ್ದಾಗ ಏನು ಕೆಟ್ಟಿದೆಯೆಂದು ತನ್ನ ಡಿಸ್ಕನ್ನೆಲ್ಲ ತಡಕುತ್ತ ಕೂರುತ್ತಿತ್ತು. ಅಷ್ಟೊತ್ತೂ ಮೇಲ್ ಬಂದ್. ಹಿಂದಿನ ನೌಕರರೆಲ್ಲ ಅವ್ವನ ಜೊತೆ ಜಗಳಾಡಿ ಓಡಿಹೋಗಿದ್ದರು.

"ನಾಳಿ ಅಮಾಸಿ. ಮಷೀನ್ ಬಂದ್ ಆಗದಂಗ ನೋಡ್ಕೊಂಡ್ರ ನೌಕರಿ ನಿಂದು. ಇಲ್ಲಾಂದ್ರ ಖಾನಾಪುರ ಗಾಡಿ ಹಿಡಿ."

ಮರುದಿನ ಅವ್ವ ಆರತಿ ತಟ್ಟೆ ಹಿಡಿದು ಬಂದಳು. ಬಂಡೆಪ್ಪ ಕರೆಂಟಿನ ವೈರಿಗೆ ಅಡ್ಡ ಕೂತ.

"ಏಳೋ. ಎತ್ತಿಗೂ ಒಂದಿನ ನೊಗಾ ಇಳಸ್ತಾರ. ಇದಕ್ಕ ವಿಶ್ರಾಂತಿ ಬ್ಯಾಡೇನು?"

"ಇದು ಎತ್ತಲ್ರಿ ಯವ್ವಾ, ನಂದಾದೀಪ. ಮಠದಾಗಿನ ನಂದಾದೀಪ ಆರಿಸಿ ಪೂಜಿ ಮಾಡ್ತೀರೇನ್ರಿ?"

ಯಂತ್ರದ ಹಸಿರು ದೀಪ ಪಿಳಿಪಿಳಿ ಎಂದಿತು. ಅವ್ವ ಅದನ್ನೇ ನೋಡಿದಳು.

"ಖರೇನ?"

"ಖರೇರಿ."

ಅವ್ವ ದೂರದಿಂದಲೇ ಆರತಿ ಬೆಳಗಿ, ಕಾಯಿಯನ್ನು ಹೊರಗೆ ಕಟ್ಟೆಗೆ ಒಡೆದಳು. ನೌಕರಿ ಸಿಕ್ಕಿತು, ಬಂಡೆಪ್ಪ ಮೀಸೆ ತಿರುವಿದ.

ಹಿಗ್ಗು ಬಹಳ ದಿನ ನಿಲ್ಲಲಿಲ್ಲ. ಅವ್ವ ಯಂತ್ರದ ಪಕ್ಕ ಚಾಪೆ ಹಾಸಿ ಕಾವಲು ಕೂತಳು. ಸ್ನಾನವಾಗದೆ ಯಾರೂ ಕೀಬೋರ್ಡ್ ಮುಟ್ಟುವಂತಿರಲಿಲ್ಲ. ಹೊಸ ಕರ್ನಲ್ ಹಾಕಲು ಯಂತ್ರವನ್ನು ಒಮ್ಮೆ ಆರಿಸಬೇಕೆಂದು ಬಂಡೆಪ್ಪ ಅಂದಾಗ ಅವ್ವ ಕೋಲು ಎತ್ತಿಕೊಂಡಳು.

"ನಂದಾದೀಪ ಆರಸ್ತೀ ಏನೋ ಹುಚ್ಚಪ್ಯಾಲಿ?"

"ಹಳೇ ಕರ್ನಲ್ಲ ಇದ್ರ ಕಳ್ಳರು ಒಳಗ ಹೊಗತಾರ್ರಿ ಯವ್ವಾ!"

"ಹಂಗಾರ ಬಾಜೂಕ ಇನ್ನೊಂದು ಹಚ್ಚು, ಆಮ್ಯಾಲ ಇದನ್ನ ಆರಸು. ದೀಪಾ ಹಚ್ಚೂದೂ ನಾನ ಹೇಳಿಕೊಡಬೇಕೇನು?"

ಚನ್ನಬಸಯ್ಯನವರು ಗೋಳಾಡುತ್ತ ಎರಡನೆಯ ಯಂತ್ರ ತರಿಸಿದರು. ಬಂಡೆಪ್ಪ ಕೆಲಸವನ್ನೆಲ್ಲ ಅದಕ್ಕೆ ದಾಟಿಸಿದ. ಒಂದು ಮೇಲೂ ನಿಲ್ಲಲಿಲ್ಲ. ಹಳೆಯದಕ್ಕೆ ಆರುವ ಆಜ್ಞೆ ಬರೆದು, ಎಂಟರ್ ಒತ್ತಲು ಬೆರಳು ಚಾಚಿದ.

"ತಡಿ!" ಅವ್ವ ಕೈ ಹಿಡಿದಳು. "ದೇವರ ದೀಪಾ ಹಂಗ ಆರಸ್ತಾರೇನೋ? ಹೂವಿಲೇ ಆರಸಬೇಕು."

ಯಂತ್ರಕ್ಕೆ ಏರಿಸಿದ್ದ ಒಂದು ಸೇವಂತಿ ಹೂ ತೆಗೆದು ಕೊಟ್ಟಳು. ಬಂಡೆಪ್ಪ ಅದರಿಂದಲೇ ಎಂಟರ್ ಒತ್ತಿದ.